ಟರ್ಬೊ ಎಂಜಿನ್ನಿನ ಎಣ್ಣೆ ಪಂಪು: ಕೊಳ್ಳುವ ಮುನ್ನ ತಿಳಿಯಬೇಕಾದ್ದು



ಕಳೆದ ಸರ್ವಸದಸ್ಯರ ಸಭೆಯಲ್ಲಿ ಸಂಘದ ಪಿಕಪ್ ವಾಹನದ ರಿಪೇರಿ ಖರ್ಚಿನ ಬಗ್ಗೆ ಹಲವರು ಪ್ರಶ್ನೆ ಎತ್ತಿದ್ದುಂಟು. ಜಮಾಖರ್ಚಿನ ಪಟ್ಟಿಯಲ್ಲಿ ಎಣ್ಣೆ ಪಂಪಿನ ಬಾಬ್ತು ಒಂದೇ ವರ್ಷದಲ್ಲಿ ಎರಡು ಸಲ ಏಕೆ ಬಂತು, ಅದರ ಬೆನ್ನಿಗೇ ಟರ್ಬೊ, ಬೇರಿಂಗು ಎಂದು ದೊಡ್ಡ ಮೊತ್ತ ಏಕೆ ಬಿತ್ತು ಎಂಬುದು ನ್ಯಾಯವಾದ ಪ್ರಶ್ನೆಯೇ. ಊಟದ ಹೊತ್ತಾಗಿದ್ದರಿಂದ ಅಂದು ವಿವರವಾಗಿ ಉತ್ತರಿಸಲಾಗಲಿಲ್ಲ. ಮೇಲಾಗಿ, ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ನಮ್ಮ ಸದಸ್ಯರಲ್ಲಿ ಸ್ವಂತಕ್ಕೋ ಇಬ್ಬರು ಮೂವರು ಕೂಡಿಯೋ ಟರ್ಬೊ ಡೀಸೆಲ್ ವಾಹನ ಇಟ್ಟುಕೊಂಡವರ ಸಂಖ್ಯೆ ಈಚೆಗೆ ಹೆಚ್ಚಿದೆ. ನಾವು ಮಾಡಿದ ತಪ್ಪನ್ನು ಅವರು ಮಾಡದಿರಲಿ ಎಂದು ಈ ಲೇಖನ. ನಾವು ಎಂಜಿನಿಯರರಲ್ಲ, ತೋಟದವರು. ಆದರೆ ಬಿಚ್ಚಿಟ್ಟ ಎಂಜಿನ್ನಿನ ಎದುರು ಮೂರು ದಿನ ಕುಳಿತು, ಮೇಸ್ತ್ರಿಗಳನ್ನು ಕಾಡಿ ಬೇಡಿ ಕೇಳಿ, ಕಂಪನಿಯ ಕೈಪಿಡಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲು ನಡೆದ ಸಂಗತಿ. ಕಳೆದ ವರ್ಷ ಮೇ ತಿಂಗಳ ಕೊನೆಯಲ್ಲಿ ಸಂಘದ ಪಿಕಪ್ ಕುಂದಾಪುರದ ಕಡೆಯಿಂದ ಸುಣ್ಣ ಹೇರಿಕೊಂಡು ಹುಲಿಕಲ್ ಘಾಟಿ ಹತ್ತಿ ಬಂದಿತ್ತು. ಇಳಿಸುವಾಗ ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿದ್ದಂತೆ ಡ್ಯಾಶ್‌ಬೋರ್ಡಿನ ಎಣ್ಣೆಯ ಕೆಂಪು ದೀಪ ಮಿಣುಕತೊಡಗಿತು. ಚಾಲಕರು ಅಂದೇ ಬಂದು ತಿಳಿಸಿದರು, ಲಾಗ್ ಪುಸ್ತಕದಲ್ಲೂ ಬರೆದರು. ಮೇಸ್ತ್ರಿಯೊಬ್ಬರು ನೋಡಿ ‘ಎಣ್ಣೆ ಪಂಪು ಹೋಗಿದೆ’ ಎಂದರು. ಕೊಳೆ ಔಷಧಿಯ ಕಾಲ. ಮೈಲುತುತ್ತ, ಸುಣ್ಣ ಎಲ್ಲವೂ ತೋಟ ತೋಟಕ್ಕೆ ತಲುಪಬೇಕು. ವಾಹನ ನಿಲ್ಲಿಸುವಂತಿಲ್ಲ. ಅಂಗಡಿಯೊಂದರಲ್ಲಿ ಅಸಲಿ ಪಂಪಿನ ಮೂರನೆಯ ಒಂದು ಬೆಲೆಗೆ ‘ಅದೇ ಅಳತೆಯದು’ ಎಂಬ ಪಂಪು ಸಿಕ್ಕಿತು. ಆಡಳಿತ ಮಂಡಳಿಯ ಒಪ್ಪಿಗೆ ಪಡೆದು ನಾವೇ ಖುದ್ದಾಗಿ ಕೊಂಡು ತಂದೆವು. ಹಾಕಿಸಿದ ಮೇಲೆ ದೀಪ ಆರಿತು. ಎಲ್ಲರಿಗೂ ಸಮಾಧಾನವಾಯಿತು. ಎಣ್ಣೆಯ ಒತ್ತಡವನ್ನು ಯಾರೂ ಅಳೆಯಲಿಲ್ಲ.

ಜುಲೈ ನಡುವಿನಲ್ಲಿ, ಎರಡನೆಯ ಸಿಂಪಡಣೆಯ ಸಾಮಾನು ಸಾಗಿಸುವಾಗ, ಮಾಸ್ತಿಕಟ್ಟೆಯ ಆಚೆ ಒಂದು ಏರಿನಲ್ಲಿ ಎಂಜಿನ್ ತಾನೇ ತಾನಾಗಿ ಕೂಗತೊಡಗಿತು. ಚಾಲಕರು ಕೀಲಿ ತಿರುಗಿಸಿದರೂ ನಿಲ್ಲಲಿಲ್ಲ. ಹಿಂದೆ ಬಿಳಿಯ ಹೊಗೆ ಕಾಡೆಲ್ಲ ಮುಸುಕಿತಂತೆ. ಅವರು ಬ್ರೇಕನ್ನು ಬಲವಾಗಿ ತುಳಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸಿ ನಿಲ್ಲಿಸಿದರು. ಹಾಗೆ ಮಾಡದಿದ್ದರೆ ಎಂಜಿನ್ ಒಡೆದು ಹೋಗುತ್ತಿತ್ತು; ಎಡಕ್ಕೆ ಪ್ರಪಾತವಿತ್ತು. ಆದರೆ ನಾವು, ಎಂದರೆ ಆಡಳಿತ ಮಂಡಳಿ ಮತ್ತು ಈ ಕಾರ್ಯದರ್ಶಿ, ಎಣ್ಣೆ ನೋಡಿಕೊಳ್ಳದೆ ಓಡಿಸಿದರೆಂದು ಚಾಲಕರ ಮೇಲೆ ತಪ್ಪು ಹೊರಿಸಿದೆವು. ಅವರ ಒಂದು ತಿಂಗಳ ಸಂಬಳ ತಡೆಹಿಡಿದೆವು. ಆ ವಿಷಯಕ್ಕೆ ಮತ್ತೆ ಬರುತ್ತೇವೆ.

ಎಣ್ಣೆ ಪಂಪು ಮಾಡುವ ಕೆಲಸವೇನು? ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತೊಟ್ಟಿಯಿದೆ; ಇದಕ್ಕೆ ಸಂಪು ಎನ್ನುತ್ತಾರೆ. ಅದರಲ್ಲಿ ಮುಳುಗಿರುವ ಜಾಲರಿಯ ಮೂಲಕ ಪಂಪು ಎಣ್ಣೆಯನ್ನು ಹೀರಿ, ಫಿಲ್ಟರಿನ ಮೂಲಕ ಹಾಯಿಸಿ, ಕ್ರ್ಯಾಂಕಿನ ಬೇರಿಂಗು, ಕ್ಯಾಮು, ಟರ್ಬೊ ಎಲ್ಲಕ್ಕೂ ತಳ್ಳುತ್ತದೆ. ತಿರುಗುವ ಲೋಹ ಮತ್ತು ನಿಂತ ಲೋಹದ ನಡುವೆ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರವಿರುತ್ತದೆ. ಆ ಪದರ ಇರುವವರೆಗೆ ಲೋಹಕ್ಕೆ ಲೋಹ ತಾಗುವುದಿಲ್ಲ. ಶಾಖವನ್ನು ಹೊತ್ತು ತರುವುದೂ ಎಣ್ಣೆಯ ಕೆಲಸವೇ. ಇಂದಿನ ಅನೇಕ ಟರ್ಬೊ ಡೀಸೆಲ್ ಎಂಜಿನ್ನುಗಳಲ್ಲಿ ಪಿಸ್ಟನ್ನಿನ ಅಡಿಗೆ ಎಣ್ಣೆಯ ಚಿಲುಮೆ ಹಾಯಿಸಿ ತಂಪು ಮಾಡುತ್ತಾರೆ.

ಇಲ್ಲೊಂದು ಮಾತನ್ನು ಗಟ್ಟಿಯಾಗಿ ಹಿಡಿಯಬೇಕು. ಪಂಪು ಒತ್ತಡವನ್ನು ಹುಟ್ಟಿಸುವುದಿಲ್ಲ, ಹರಿವನ್ನು ಕೊಡುತ್ತದೆ. ಹರಿವಿಗೆ ಅಡ್ಡಿ ಬಂದಾಗ ಒತ್ತಡ ಹುಟ್ಟುತ್ತದೆ. ನಮ್ಮ ಔಷಧಿ ಹೊಡೆಯುವ ಪವರ್ ಸ್ಪ್ರೇಯರನ್ನೇ ನೋಡಿ. ನಾಜಲ್ಲಿನ ಬಿಲ್ಲೆ ಹೊಸದಿದ್ದಾಗ ಗೇಜು ಏರಿ ನಿಲ್ಲುತ್ತದೆ, ಮಂಜು ಕೊನೆಗೆ ಸರಿಯಾಗಿ ಮುಟ್ಟುತ್ತದೆ. ಬೋರ್ಡೋ ದ್ರಾವಣದ ಸುಣ್ಣದ ಕಣ ಉಜ್ಜಿ ಉಜ್ಜಿ ಬಿಲ್ಲೆಯ ತೂತು ದೊಡ್ಡದಾದರೆ ಅದೇ ಪಂಪು, ಅದೇ ಎಂಜಿನ್, ಆದರೂ ಗೇಜು ಇಳಿಯುತ್ತದೆ, ಹನಿ ದಪ್ಪವಾಗುತ್ತದೆ. ಆಗ ಕೊನೆಗಾರ ಮೇಲಿನಿಂದ ಕೂಗುವುದು ‘ಪ್ರೆಶರ್ ಇಲ್ಲ’ ಎಂದೇ. ಬುದ್ಧಿವಂತನಾದವನು ಪಂಪು ಬಿಚ್ಚುವ ಮೊದಲು ಬಿಲ್ಲೆ ಬದಲಾಯಿಸುತ್ತಾನೆ. ಈಚಿನ ಕಾರ್ಬನ್ ದೋಟಿಯಲ್ಲಿ ನೆಲದಿಂದಲೇ ಹೊಡೆಯುವವರಿಗೂ ಇದು ಗೊತ್ತು.

ವಾಹನದ ಎಂಜಿನ್ನಿನಲ್ಲಿ ಆ ಬಿಲ್ಲೆಯ ಸ್ಥಾನದಲ್ಲಿರುವುದು ಬೇರಿಂಗುಗಳ ಸಂದು. ಬೇರಿಂಗು ಸವೆದು ಸಂದು ಹೆಚ್ಚಾದರೆ ಎಣ್ಣೆ ಸಲೀಸಾಗಿ ಸೋರಿ ಸಂಪಿಗೆ ಬೀಳುತ್ತದೆ, ಒತ್ತಡ ಇಳಿಯುತ್ತದೆ. ಎಂಜಿನ್ ಬಿಸಿಯಾದಾಗ, ನಿಧಾನಗತಿಯಲ್ಲಿದ್ದಾಗ ಇದು ಮೊದಲು ಕಾಣಿಸುತ್ತದೆ. ಏಕೆಂದರೆ ನಾವು ಬಳಸುವ 15ಡಬ್ಲ್ಯು-40 ಎಣ್ಣೆ 40 ಡಿಗ್ರಿ ಶಾಖದಲ್ಲಿ ಎಷ್ಟು ಮಂದವಿರುತ್ತದೆಯೋ 100 ಡಿಗ್ರಿಯಲ್ಲಿ ಅದರ ಸುಮಾರು ಏಳರಲ್ಲೊಂದು ಪಾಲಿಗೆ ತೆಳುವಾಗುತ್ತದೆ. ಪಂಪಿನ ಹರಿವೂ ಎಂಜಿನ್ನಿನ ಸುತ್ತಿಗೆ ತಕ್ಕಂತೆ. ಉದಾಹರಣೆಗೆ, ಸುತ್ತೊಂದಕ್ಕೆ 20 ಮಿಲಿಲೀಟರ್ ತಳ್ಳುವ ಪಂಪು ನಿಮಿಷಕ್ಕೆ 800 ಸುತ್ತಿನಲ್ಲಿ 16 ಲೀಟರ್ ಕೊಟ್ಟರೆ 3000 ಸುತ್ತಿನಲ್ಲಿ 60 ಲೀಟರ್ ಕೊಡುತ್ತದೆ. ಹೀಗಾಗಿ ಘಾಟಿ ಹತ್ತುವಾಗ ಸರಿಯಿದ್ದ ವಾಹನ ಅಂಗಳದಲ್ಲಿ ನಿಂತಾಗ ದೀಪ ಮಿಣುಕಿಸುವುದುಂಟು. ನಮ್ಮ ವಾಹನಕ್ಕೆ ಮೊದಲು ಆದದ್ದು ಇದೇ. ಸವೆದದ್ದು ಬೇರಿಂಗು, ನಾವು ಬದಲಾಯಿಸಿದ್ದು ಪಂಪು!

ಹಾಗಾದರೆ ಹೊಸ ಪಂಪು ಹಾಕಿದಾಗ ದೀಪ ಏಕೆ ಆರಿತು? ಮೊದಲನೆಯದಾಗಿ, ಪಂಪಿನೊಡನೆ ಎಣ್ಣೆಯನ್ನೂ ಹೊಸದು ಹಾಕಿದ್ದೆವು. ಹೊಸ ಎಣ್ಣೆ ತುಸು ಮಂದ. ಎರಡನೆಯದಾಗಿ, ಆ ಕೆಂಪು ದೀಪವನ್ನು ನಂಬಿ ಕೂರುವಂತಿಲ್ಲ. ಅದರ ಸ್ವಿಚ್ಚು ಸಾಮಾನ್ಯವಾಗಿ ಅರ್ಧ ಬಾರಿನ ಆಸುಪಾಸಿಗೆ ಒತ್ತಡ ಇಳಿದರೆ ಮಾತ್ರ ದೀಪ ಹೊತ್ತಿಸುತ್ತದೆ. ಒಂದು ಬಾರ್ ಎಂದರೆ ಸುಮಾರು 14.5 ಪಿ.ಎಸ್.ಐ. ಹೇರು ಹೊತ್ತು ಏರು ಹತ್ತುವ ಎಂಜಿನ್ನಿಗೆ ಎರಡು ಮೂರು ಬಾರ್ ಒತ್ತಡ ಬೇಕಿರುವಾಗ ಒಂದೇ ಬಾರ್ ಇದ್ದರೂ ದೀಪ ಆರಿಯೇ ಇರುತ್ತದೆ. ಒಲೆಯ ಮೇಲಿನ ಹಾಲು ಉಕ್ಕಿ ಸುರಿದ ಮೇಲೆ ಕೂಗುವ ಕಾವಲುಗಾರನಂತೆ ಅದು.

ಇನ್ನು ಟರ್ಬೊ. ಹೊರಹೋಗುವ ಹೊಗೆಯ ಬಲದಿಂದ ಒಂದು ಚಕ್ರ ತಿರುಗಿ, ಅದೇ ದಂಡದ ಇನ್ನೊಂದು ತುದಿಯ ಚಕ್ರ ಎಂಜಿನ್ನಿಗೆ ಗಾಳಿಯನ್ನು ತುರುಕುವ ಏರ್ಪಾಟು ಇದು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರು 1905ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಬಹುಕಾಲ ಹಡಗು, ದೊಡ್ಡ ಲಾರಿಗಳಿಗೆ ಸೀಮಿತವಾಗಿದ್ದುದು ಹೊಗೆ ನಿಯಂತ್ರಣದ ಕಾನೂನು ಬಿಗಿಯಾಗುತ್ತ ಬಂದಂತೆ ನಮ್ಮ ಅಂಗಳದ ಪಿಕಪ್ಪಿಗೂ ಬಂತು. ಸಣ್ಣ ಎಂಜಿನ್ನಿನ ಟರ್ಬೊ ದಂಡ ಹೇರು ಬಿದ್ದಾಗ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ. ಒಂದು ಕಡೆಯ ಚಕ್ರಕ್ಕೆ ಬಡಿಯುವ ಹೊಗೆ ಏಳುನೂರು ಡಿಗ್ರಿ ಶಾಖದ್ದು. ದಂಡವನ್ನು ಹಿಡಿದಿರುವ ಬುಷ್ಷುಗಳು ಸಾಮಾನ್ಯವಾಗಿ ಎಣ್ಣೆಯಲ್ಲೇ ತೇಲುತ್ತಿರುತ್ತವೆ. ಅದಕ್ಕೆ ಬೇಕಾದ ಎಣ್ಣೆ ನಿಮಿಷಕ್ಕೆ ಕೆಲವೇ ಲೀಟರು. ಆದರೆ ಕೆಲವೇ ಕ್ಷಣ ಅದು ತಪ್ಪಿದರೂ ಬುಷ್ಷು ಉಜ್ಜಿಹೋಗುತ್ತದೆ. ಎಣ್ಣೆಯ ಕೊರತೆಯಾದಾಗ ಬಹಳಷ್ಟು ಸಲ ಎಂಜಿನ್ನಿಗಿಂತ ಮೊದಲು ಸಾಯುವುದು ಟರ್ಬೊ.

ಹಾಗೆ ಸಾಯುವಾಗ ಅದು ಸುಮ್ಮನೆ ಸಾಯುವುದಿಲ್ಲ. ಟರ್ಬೊದೊಳಗೆ ಎಣ್ಣೆ ತಡೆಯಲು ಇರುವುದು ರಬ್ಬರಿನ ಸೀಲಲ್ಲ, ಪಿಸ್ಟನ್ ರಿಂಗಿನಂಥ ಸಣ್ಣ ಬಳೆಗಳು. ದಂಡ ಅಲುಗಾಡತೊಡಗಿದರೆ ಎಣ್ಣೆ ಅವುಗಳನ್ನು ದಾಟಿ ಗಾಳಿಯ ಕೊಳವೆಗೆ ನುಗ್ಗುತ್ತದೆ. ಡೀಸೆಲ್ ಎಂಜಿನ್ನಿಗೆ ಎಂಜಿನ್ ಎಣ್ಣೆಯೂ ಆಹಾರವೇ. ಕೀಲಿ ತಿರುಗಿಸಿ ಡೀಸೆಲ್ ನಿಲ್ಲಿಸಿದರೂ ತನ್ನ ಎಣ್ಣೆಯನ್ನೇ ತಾನು ಕುಡಿದು ಎಂಜಿನ್ ಹುಚ್ಚು ಹಿಡಿದಂತೆ ಓಡುತ್ತದೆ. ಮಾಸ್ತಿಕಟ್ಟೆಯ ಏರಿನಲ್ಲಿ ಆದದ್ದು ಇದು. ಇಂಥ ಹೊತ್ತಿನಲ್ಲಿ ಗೇರಿನ ವಾಹನವಾದರೆ ನಮ್ಮ ಚಾಲಕರು ಮಾಡಿದಂತೆ ಬ್ರೇಕು ಹಿಡಿದು ಮೇಲಿನ ಗೇರಿನಲ್ಲಿ ಕ್ಲಚ್ ಬಿಡುವುದೊಂದೇ ಕೂಡಲೇ ಕೈಗೆ ಸಿಗುವ ಉಪಾಯ. ಬಾನೆಟ್ ಎತ್ತಿ ಓಡುತ್ತಿರುವ ಎಂಜಿನ್ನಿನ ಮೇಲೆ ಬಾಗುವುದು ಅಪಾಯ. ಗಾಳಿಯ ಬಾಯಿಗೆ ಬರಿಗೈ ಒಡ್ಡುವುದಂತೂ ಖಂಡಿತ ಕೂಡದು.

ಟರ್ಬೊಗೆ ಎಣ್ಣೆ ಹೋಗುವುದಷ್ಟೇ ಅಲ್ಲ, ಹಿಂದಿರುಗುವುದೂ ಅಷ್ಟೇ ಮುಖ್ಯ. ಒಳಹೋಗುವ ಕೊಳವೆ ಕಡ್ಡಿಯಷ್ಟು ಸಣ್ಣದು. ಹೊರಬರುವ ಕೊಳವೆ ಹೆಬ್ಬೆರಳ ದಪ್ಪ. ಏಕೆಂದರೆ ಹೊರಬರುವಾಗ ಎಣ್ಣೆ ಮಜ್ಜಿಗೆ ಕಡೆದಂತೆ ನೊರೆಯಾಗಿರುತ್ತದೆ, ಒತ್ತಡವೂ ಇರುವುದಿಲ್ಲ. ತನ್ನ ಭಾರದಿಂದ ತಾನೇ ಇಳಿದು ಸಂಪು ಸೇರಬೇಕು. ನಮ್ಮ ತೋಟದ ಬಸಿಗಾಲುವೆಯ ನಿಯಮವೇ ಇಲ್ಲಿಯದೂ: ಇಳಿಜಾರು ಒಂದೇ ಸಮ ಇರಬೇಕು, ನಡುವೆ ತಗ್ಗು ಇರಬಾರದು, ಬೀಳುವ ಜಾಗ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ಸಂಪಿನಲ್ಲಿ ಅಳತೆ ಮೀರಿ ಎಣ್ಣೆ ತುಂಬಿದರೆ ಈ ಬಾಯಿ ಮುಳುಗಿ ಎಣ್ಣೆ ಟರ್ಬೊದಲ್ಲೇ ನಿಂತು ಸೋರುತ್ತದೆ. ‘ಇರಲಿ, ಅರ್ಧ ಲೀಟರ್ ಹೆಚ್ಚೇ ಇರಲಿ’ ಎನ್ನುವ ಧಾರಾಳತನ ಇಲ್ಲಿ ಉಪಕಾರವಲ್ಲ.

ಈ ವಿಷಯ ಮಾತಾಡುವಾಗ ಸದಸ್ಯರೊಬ್ಬರು ಕೆನಡಾದಲ್ಲಿರುವ ತಮ್ಮ ಮಗ ಹೇಳಿದ ಸ್ನೋಮೊಬೈಲ್ ಎಂಬ ಬಂಡಿಯ ವಿಚಾರ ತಿಳಿಸಿದರು. ಹಿಮದ ಮೇಲೆ ಮುಂದೆ ಜಾರುಹಲಗೆ, ಹಿಂದೆ ರಬ್ಬರ್ ಪಟ್ಟಿಯಿಂದ ಓಡುವ ಬಂಡಿ ಅದು. ಕ್ವೆಬೆಕ್ ಪ್ರಾಂತ್ಯದ ವಾಲ್ಕೂರಿನ ಬೊಂಬಾರ್ಡಿಯರ್ ಎಂಬವರು 1959ರಲ್ಲಿ ಮಾರುಕಟ್ಟೆಗೆ ತಂದ ‘ಸ್ಕಿ-ಡೂ’ ಅದನ್ನು ಮನೆಮನೆಗೆ ಒಯ್ದಿತು. ಅವುಗಳಲ್ಲಿ ಬಹಳಷ್ಟು ನಮ್ಮ ಕಳೆ ಕೊಚ್ಚುವ ಯಂತ್ರದಂತೆ ಎರಡು ಹೊಡೆತದ ಎಂಜಿನ್ನಿನವು. ಅಂಥ ಎಂಜಿನ್ನಿಗೆ ಸಂಪೇ ಇಲ್ಲ. ಎಣ್ಣೆ ಪೆಟ್ರೋಲಿನೊಡನೆ ಸುಟ್ಟು ಹೋಗುತ್ತದೆ. ಅದಕ್ಕೆ ಶೋಕಿಯವರು ಹೊರಗಿನಿಂದ ಟರ್ಬೊ ಕೂರಿಸಿದಾಗ ಟರ್ಬೊಗೆಂದೇ ಪ್ರತ್ಯೇಕ ಎಣ್ಣೆ ಡಬ್ಬಿ, ಪ್ರತ್ಯೇಕ ಪಂಪು ಬೇಕಾಗುತ್ತದೆ. ಟರ್ಬೊ ತಗ್ಗಿನಲ್ಲಿ ಕೂತಿದ್ದರೆ ಎಣ್ಣೆ ತಾನಾಗಿ ಇಳಿದು ಬರಲು ಜಾಗವಿಲ್ಲದ್ದರಿಂದ ಹೀರಿ ತರುವ ಇನ್ನೊಂದು ಪಂಪೂ ಬೇಕು. ನೊರೆಯನ್ನು ಎಳೆಯಬೇಕಾದ ಕಾರಣ ಈ ಹೀರುವ ಪಂಪು ಕೊಡುವ ಪಂಪಿಗಿಂತ ದೊಡ್ಡದಿರಬೇಕು. ನಮಗೆ ಹಿಮವಿಲ್ಲ, ಆಗುಂಬೆಯ ಮಳೆಯಷ್ಟೇ. ಆದರೆ ಹಳೆಯ ಜೀಪಿಗೆ ಗುಜರಿಯಿಂದ ಟರ್ಬೊ ತಂದು ಕೂರಿಸುವ ಹುಮ್ಮಸ್ಸು ನಮ್ಮ ಕೆಲವು ಯುವಕರಲ್ಲಿಯೂ ಕಂಡಿದ್ದೇವೆ. ಕೂರಿಸುವ ಮೊದಲು ಎಣ್ಣೆ ಹಿಂದಿರುಗುವ ಕೊಳವೆ ಇಳಿಜಾರಾಗಿ ಸಂಪಿನ ಎಣ್ಣೆಯ ಮಟ್ಟಕ್ಕಿಂತ ಮೇಲೆ ಸೇರುತ್ತದೆಯೇ ನೋಡಿ. ಹಳೆಯ ಪಂಪಿಗೆ ಹೆಚ್ಚಿನ ಹರಿವು ಹೊರುವ ತ್ರಾಣವಿದೆಯೇ ಗೇಜಿನಿಂದ ಅಳೆಯಿರಿ. ಎರಡೂ ಇಲ್ಲವಾದರೆ ಟರ್ಬೊ ಬೇಡ.

ಈಗ ಪಂಪಿನ ಆಯ್ಕೆಗೆ ಬರೋಣ. ಬಳಕೆಯಲ್ಲಿರುವ ಬಗೆಗಳು ಮುಖ್ಯವಾಗಿ ಎರಡು. ಹಳೆಯದು ಎರಡು ಹಲ್ಲುಚಕ್ರಗಳ ಪಂಪು. ಒಂದರೊಳಗೊಂದು ಹಲ್ಲು ಕಚ್ಚಿ ತಿರುಗುತ್ತ ಹೊರಗೋಡೆಯ ಬದಿಯಿಂದ ಎಣ್ಣೆಯನ್ನು ಸಾಗಿಸುತ್ತವೆ. ಗಟ್ಟಿಮುಟ್ಟು, ಕಸ ತಡೆಯುತ್ತದೆ. ಇನ್ನೊಂದು ರೋಟರ್ ಪಂಪು. ಹೊರಗಿನ ಬಳೆಯೊಳಗೆ ಒಂದು ಹಲ್ಲು ಕಡಿಮೆಯಿರುವ ಒಳರೋಟರು ಓರೆಯಾಗಿ ಕೂತು ತಿರುಗುತ್ತದೆ. ಜಾಗ ಕಡಿಮೆ ಸಾಕು. ಕ್ರ್ಯಾಂಕಿನ ಮೂತಿಗೇ ನೇರ ಜೋಡಿಸಿದ ಮಾದರಿಗಳೂ ಉಂಟು. ತೀರ ಹೊಸ ಎಂಜಿನ್ನುಗಳಲ್ಲಿ ಬೇಕಾದಷ್ಟೇ ಹರಿವು ಕೊಡುವ, ತಾನೇ ಹೊಂದಿಸಿಕೊಳ್ಳುವ ಪಂಪುಗಳೂ ಬಂದಿವೆ. ಅವುಗಳನ್ನು ಊರಿನಲ್ಲಿ ಬಿಚ್ಚುವ ಸಾಹಸ ಬೇಡ. ಯಾವ ಬಗೆ ಒಳ್ಳೆಯದು ಎಂದು ಕೇಳುವವರಿದ್ದಾರೆ. ಆ ಪ್ರಶ್ನೆ ನಮಗಲ್ಲ, ಎಂಜಿನ್ ತಯಾರಿಸಿದವನಿಗೆ. ನಮ್ಮ ಪ್ರಶ್ನೆ ಇಷ್ಟೇ: ಪಂಪು ಬದಲಾಯಿಸಬೇಕೇ? ಬೇಕಾದರೆ ಯಾವುದನ್ನು ತರಬೇಕು?

ಮೊದಲನೆಯದಕ್ಕೆ ಉತ್ತರ ಗೇಜು ಹೇಳುತ್ತದೆ. ದೀಪದ ಸ್ವಿಚ್ಚು ಬಿಚ್ಚಿ, ಅದೇ ತೂತಿಗೆ ಮುಳ್ಳಿನ ಗೇಜು ಜೋಡಿಸಿ. ಅರ್ಧ ಗಂಟೆ ಓಡಿಸಿ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ನಿಧಾನಗತಿಯಲ್ಲಿ ಒಮ್ಮೆ, 2000 ಸುತ್ತಿನಲ್ಲಿ ಒಮ್ಮೆ, ಇನ್ನೂ ಮೇಲೆ ಒಮ್ಮೆ ಓದಿಕೊಳ್ಳಿ. ಸಾವಿರ ಸುತ್ತಿಗೆ ಹತ್ತು ಪಿ.ಎಸ್.ಐ. ಎಂಬುದು ಹಳೆಯ ಮೇಸ್ತ್ರಿಗಳ ಅಂದಾಜು. ಕಂಪನಿಯ ಕೈಪಿಡಿಯ ಅಂಕಿಯೇ ಕೊನೆಯ ಮಾತು. ಮೇಲಿನ ಸುತ್ತಿನಲ್ಲಿ ಸರಿಯಿದ್ದು ನಿಧಾನಗತಿಯಲ್ಲಿ ಮಾತ್ರ ಕುಸಿದರೆ ಬೇರಿಂಗಿನ ಮೇಲೆ, ಇಲ್ಲವೆ ಡೀಸೆಲ್ ಬೆರೆತು ತೆಳುವಾದ ಎಣ್ಣೆಯ ಮೇಲೆ ಮೊದಲ ಸಂಶಯ. ಎಲ್ಲ ಸುತ್ತಿನಲ್ಲೂ ಕಡಿಮೆಯಿದ್ದರೆ ಪಂಪು ಸವೆದಿರಬಹುದು, ಅಥವಾ ಒತ್ತಡ ಮಿತಿಗೊಳಿಸುವ ವಾಲ್ವು ಕಸ ಸಿಕ್ಕಿ ತೆರೆದೇ ನಿಂತಿರಬಹುದು. ಮುಳ್ಳು ನಡುಗುತ್ತಿದ್ದರೆ ಹೀರುವ ಕೊಳವೆಯ ಸೇರುವೆಯಲ್ಲಿ ಗಾಳಿ ಸೇರುತ್ತಿದೆ, ಇಲ್ಲವೆ ಎಣ್ಣೆ ಕಡಿಮೆಯಿದೆ. ಸುತ್ತು ಏರಿಸಿದಂತೆ ಒತ್ತಡ ಏರುವ ಬದಲು ಇಳಿದರೆ ಜಾಲರಿ ಕಟ್ಟಿದೆ ಎಂದು ತಿಳಿದು ಆ ಕ್ಷಣವೇ ಎಂಜಿನ್ ನಿಲ್ಲಿಸಿ.

ನಮ್ಮದು ಆದದ್ದು ಈ ಕೊನೆಯದು. ಶಿವಮೊಗ್ಗದ ವರ್ಕ್‌ಶಾಪಿನಲ್ಲಿ ಸಂಪು ಬಿಚ್ಚಿದಾಗ ಜಾಲರಿಯ ಮುಕ್ಕಾಲು ಪಾಲು ಕಿತ್ತಳೆ ಬಣ್ಣದ ರಬ್ಬರಿನಂಥ ಚೂರುಗಳಿಂದ ಮುಚ್ಚಿತ್ತು. ಪಂಪು ಬದಲಾಯಿಸಲು ಸಂಪು ಬಿಚ್ಚಿ ಮತ್ತೆ ಕೂರಿಸುವಾಗ ಸೋರದಿರಲೆಂದು ಬಳಿದ ಸಿಲಿಕೋನ್ ಅಂಟು ಅದು. ಹೊರಗೆ ಹೆಚ್ಚಾದದ್ದು ಕಾಣುತ್ತದೆ, ಒರೆಸಿಬಿಡಬಹುದು; ಅಷ್ಟೇ ಪ್ರಮಾಣ ಒಳಗೂ ಹಿಂಡಿ ಬಂದಿರುತ್ತದೆ. ಅದು ಕಿತ್ತು ಬಂದು ಜಾಲರಿ ಸೇರಿತ್ತು. ನಿಧಾನಗತಿಯಲ್ಲಿ ಸಾಕಷ್ಟು ಎಣ್ಣೆ ಬರುತ್ತಿತ್ತು. ಏರಿನಲ್ಲಿ, ಹೆಚ್ಚು ಬೇಕಾದಾಗಲೇ, ಸಾಲುತ್ತಿರಲಿಲ್ಲ. ದೀಪಕ್ಕೆ ತಿಳಿಯುವಷ್ಟು ಒತ್ತಡ ಇಳಿಯಲಿಲ್ಲ. ಟರ್ಬೊದ ಬುಷ್ಷು ಮಾತ್ರ ದಿನದಿನಕ್ಕೆ ಉಜ್ಜಿಹೋಯಿತು. ಲಾಗ್ ಪುಸ್ತಕ ತೆಗೆದು ನೋಡಿದೆವು. ಪ್ರತಿ ಸೋಮವಾರ ಕಡ್ಡಿ ಎತ್ತಿ ಎಣ್ಣೆಯ ಮಟ್ಟ ನೋಡಿದ ಬಗ್ಗೆ ಚಾಲಕರು ಬರೆದಿದ್ದರು. ಒಂದು ವಾರವೂ ತಪ್ಪಿರಲಿಲ್ಲ.

ಇನ್ನೂ ಒಂದು ಸಂಗತಿ. ಕಿತ್ತು ತೆಗೆದ ಮೂಲ ಪಂಪನ್ನು ನಾವು ಗೋದಾಮಿನ ಅಟ್ಟದ ಮೇಲೆ ಎಸೆದಿದ್ದೆವು. ಅದನ್ನು ತರಿಸಿ ತೊಳೆದು ಅಳೆಸಿದೆವು. ಫೀಲರ್ ಗೇಜಿನ ತಗಡನ್ನು ರೋಟರುಗಳ ತುದಿಯ ನಡುವೆ ತೂರಿಸಿ ಒಂದು ಅಳತೆ, ಮುಖದ ಮೇಲೆ ನೇರಪಟ್ಟಿ ಇಟ್ಟು ಪಟ್ಟಿಗೂ ರೋಟರಿಗೂ ನಡುವೆ ಇನ್ನೊಂದು ಅಳತೆ, ಹೊರರೋಟರಿಗೂ ಗೂಡಿಗೂ ನಡುವೆ ಮತ್ತೊಂದು. ಸಾಮಾನ್ಯವಾಗಿ ಮುಖದ ಸಂದು 0.1 ಮಿಲಿಮೀಟರ್, ತುದಿಯ ಸಂದು 0.15ರಿಂದ 0.2 ಮಿಲಿಮೀಟರ್ ಮೀರಿದರೆ ಪಂಪಿನ ಆಯುಷ್ಯ ಮುಗಿಯಿತೆಂದು ಲೆಕ್ಕ. ಇಲ್ಲಿಯೂ ಆಯಾ ಎಂಜಿನ್ನಿನ ಕೈಪಿಡಿಯೇ ಪ್ರಮಾಣ. ಮೂರರಲ್ಲಿ ಮುಖದ ಸಂದೇ ಹೆಚ್ಚು ಸೋರಿಸುವುದು, ಬಹಳ ಜನ ನೋಡದೆ ಬಿಡುವುದೂ ಅದನ್ನೇ. ನಮ್ಮ ಹಳೆಯ ಪಂಪು ಮೂರರಲ್ಲೂ ಮಿತಿಯೊಳಗೇ ಇತ್ತು. ಅಗ್ಗದ ಹೊಸ ಪಂಪಿನ ಮುಖದ ಸಂದು ಹೊಸದರಲ್ಲೇ ಮಿತಿ ಮುಟ್ಟಿತ್ತೆಂದು ವರ್ಕ್‌ಶಾಪಿನವರು ತೋರಿಸಿದರು; ಎರಡು ತಿಂಗಳಲ್ಲಿ ಅಷ್ಟು ಸವೆಯುವುದಿಲ್ಲ, ಗೀರೂ ಇರಲಿಲ್ಲ.

ಬದಲಾಯಿಸಲೇಬೇಕಾದರೆ ಏನು ನೋಡಬೇಕು? ವಾಹನದ ಹೆಸರು ಹೇಳಿ ಪಂಪು ಕೇಳಬೇಡಿ. ಎಂಜಿನ್ ನಂಬರು ಬರೆದುಕೊಂಡು ಹೋಗಿ. ಹೊಗೆಯ ನಿಯಮ ಬದಲಾದಾಗಲೆಲ್ಲ ಎಂಜಿನ್ನಿನ ಒಳಗೂ ಬದಲಾಗಿದೆ. ಬಿ.ಎಸ್.-4 ನಿಯಮ 2017ರ ಏಪ್ರಿಲಿನಲ್ಲಿ ದೇಶಾದ್ಯಂತ ಬಂತು, ಬಿ.ಎಸ್.-6 2020ರ ಏಪ್ರಿಲ್ 1ರಂದು. ಹೊರಗಿನಿಂದ ಒಂದೇ ರೀತಿ ಕಾಣುವ ಪಂಪುಗಳಲ್ಲಿ ರೋಟರಿನ ದಪ್ಪ, ವಾಲ್ವಿನ ಸ್ಪ್ರಿಂಗು ಬೇರೆಯಿರಬಹುದು. ಹಳೆಯದನ್ನು ಜೊತೆಗೆ ಒಯ್ದು ಹಲ್ಲಿನ ಎಣಿಕೆ, ರೋಟರಿನ ದಪ್ಪ, ಬೋಲ್ಟಿನ ತೂತು, ಹೀರುವ ಬಾಯಿಯ ಅಳತೆ ಹೋಲಿಸಿ. ಅಂಗಡಿಯಲ್ಲೇ ಮುಚ್ಚಳ ತೆಗೆಸಿ ಮುಖದ ಸಂದು ನೋಡಿ. ತೆಗೆಯಲು ಒಪ್ಪದವನಲ್ಲಿ ಕೊಳ್ಳಬೇಡಿ. ಕೈಯಲ್ಲಿ ತಿರುಗಿಸಿದರೆ ಒಂದು ಸುತ್ತಿನಲ್ಲಿ ಎಲ್ಲಿಯೂ ಬಿಗಿಯಾಗಬಾರದು. ಹೀರುವ ಕೊಳವೆಯ ರಬ್ಬರ್ ಬಳೆ ಹೊಸದೇ ಬೇಕು. ಹತ್ತಾರು ರೂಪಾಯಿಯ ಆ ಬಳೆ ಗಟ್ಟಿಯಾಗಿದ್ದರೆ ಎಷ್ಟು ದುಬಾರಿ ಪಂಪೂ ಗಾಳಿ ಕುಡಿಯುತ್ತದೆ.

ಎರಡು ಆಮಿಷಗಳಿಗೆ ಒಳಗಾಗಬಾರದು. ಒಂದು, ವಾಲ್ವಿನ ಸ್ಪ್ರಿಂಗಿನ ಹಿಂದೆ ವಾಶರು ಹಾಕಿ ‘ಪ್ರೆಶರ್ ಹೆಚ್ಚಿಸಿಕೊಡುತ್ತೇನೆ’ ಎನ್ನುವುದು. ಆ ವಾಲ್ವು ಸಿಂಪಡಣೆ ಯಂತ್ರದಲ್ಲಿ ಹೆಚ್ಚಾದ ದ್ರಾವಣವನ್ನು ಡ್ರಮ್ಮಿಗೆ ಹಿಂದಿರುಗಿಸುವ ವಾಲ್ವಿನಂತೆ. ಮೇಲಿನ ಮಿತಿಯನ್ನು ಮಾತ್ರ ಅದು ನಿರ್ಧರಿಸುತ್ತದೆ. ನಿಧಾನಗತಿಯಲ್ಲಿ ಅದು ಮುಚ್ಚಿಯೇ ಇರುತ್ತದೆ. ಮುಚ್ಚಿದ ಬಾಗಿಲಿಗೆ ಇನ್ನೊಂದು ಚಿಲಕ ಹಾಕಿದರೆ ಮಿಣುಕುವ ದೀಪಕ್ಕೆ ಏನೂ ಪ್ರಯೋಜನವಿಲ್ಲ. ಮಳೆಗಾಲದ ಬೆಳಿಗ್ಗೆ ತಣ್ಣನೆಯ ಎಣ್ಣೆಯಲ್ಲಿ ಫಿಲ್ಟರು ಸೀಳುವ ಸಂಭವ ಮಾತ್ರ ಹೆಚ್ಚುತ್ತದೆ. ಎರಡನೆಯದು, ‘ದೊಡ್ಡ ಪಂಪು ಹಾಕಿ, ಟರ್ಬೊಗೆ ಒಳ್ಳೆಯದು’ ಎಂಬುದು. ಹೆಚ್ಚಿನ ಎಣ್ಣೆ ವಾಲ್ವು ದಾಟಿ ಸಂಪಿಗೆ ಮರಳುತ್ತದೆಯೇ ಹೊರತು ಟರ್ಬೊಗೆ ಹೋಗುವುದಿಲ್ಲ. ಎಣ್ಣೆ ಬಿಸಿಯಾಗುತ್ತದೆ, ಎಂಜಿನ್ನಿನ ಬಲ ತಿನ್ನುತ್ತದೆ. ಕಡಿದಾದ ಏರಿನಲ್ಲಿ ಸಂಪಿನ ಎಣ್ಣೆ ಒಂದು ಬದಿಗೆ ಸರಿದಿರುವಾಗ ದೊಡ್ಡ ಪಂಪು ಜಾಲರಿಯ ಬಳಿ ಇದ್ದುದನ್ನೂ ಬೇಗ ಬರಿದು ಮಾಡುವ ಭಯವೂ ಉಂಟು.

ಕೂರಿಸುವಾಗ ಪಂಪಿನೊಳಗೆ ಎಣ್ಣೆ ತುಂಬಿ ಕೈಯಲ್ಲಿ ತಿರುಗಿಸಿ ಕೂರಿಸಬೇಕು. ಒಣ ಪಂಪು ಹೀರುವುದಿಲ್ಲ, ನಮ್ಮ ಬಾವಿಯ ಪಂಪಿಗೆ ನೀರು ಹೊಯ್ದಂತೆಯೇ. ಸಂಪಿಗೆ ಅಂಟು ಬಳಿಯಲೇಬೇಕೆಂದು ಕಂಪನಿ ಹೇಳಿದ್ದರೆ ಹೇಳಿದಷ್ಟೇ ಎಳೆ, ಬೋಲ್ಟಿನ ತೂತಿನ ಒಳಬದಿಗೆ, ಒಣಗಲು ಹೇಳಿದಷ್ಟು ಹೊತ್ತು ಬಿಟ್ಟು. ಟರ್ಬೊದ ಎಣ್ಣೆ ಬಾಯಿಗೆ ಹೊಸ ಎಣ್ಣೆ ಹನಿಸಿ, ಡೀಸೆಲ್ ಹೋಗದಂತೆ ಮಾಡಿ, ಗೇಜಿನ ಮುಳ್ಳು ಏಳುವವರೆಗೆ ಸ್ಟಾರ್ಟರಿನಲ್ಲಿ ತುಸು ತುಸುವೇ ತಿರುಗಿಸಿ, ಆಮೇಲೆ ಎಂಜಿನ್ ಶುರು ಮಾಡಬೇಕು. ಎಣ್ಣೆಯ ದರ್ಜೆ ಕೈಪಿಡಿಯಲ್ಲಿದ್ದುದೇ ಆಗಬೇಕು, ಬಿ.ಎಸ್.-6 ವಾಹನಗಳಲ್ಲಿ ಹೊಗೆ ಸೋಸುವ ಫಿಲ್ಟರು ಇರುವುದರಿಂದ ಬೂದಿ ಕಡಿಮೆ ಬಿಡುವ ಎಣ್ಣೆಯೇ ಬೇಕು. ಹಳೆಯ ಡಬ್ಬಿಯ ಉಳಿಕೆಯನ್ನು ಅದಕ್ಕೆ ಸುರಿಯಬೇಡಿ.

ಓಡಿಸುವವರಿಗೆ ಒಂದೇ ಮಾತು. ಏರು ಹತ್ತಿ ಬಂದ ಕೂಡಲೇ ಎಂಜಿನ್ ಆರಿಸಬೇಡಿ. ಒಂದೆರಡು ನಿಮಿಷ ನಿಧಾನಗತಿಯಲ್ಲಿ ಬಿಡಿ. ಆರಿಸಿದರೆ ಪಂಪು ನಿಲ್ಲುತ್ತದೆ, ಕಾದ ಟರ್ಬೊದಲ್ಲಿ ನಿಂತ ಎಣ್ಣೆ ಸುಟ್ಟು ಕರಕಾಗುತ್ತದೆ. ಘಾಟಿಯ ಗುಡಿಯ ಮುಂದೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸದೆ ಕೈಮುಗಿದು ಹೋಗುವ ಹಳೆಯ ಚಾಲಕರ ರೂಢಿ ಟರ್ಬೊಗೂ ಹಿತವೇ. ಶರಾವತಿ ಹಿನ್ನೀರಿನ ಆಚೆಯ ನಮ್ಮ ಸದಸ್ಯರ ವಾಹನಗಳಿಗೆ ಲಾಂಚಿನ ಸಾಲಿನಲ್ಲಿ ಕಡ್ಡಾಯ ವಿಶ್ರಾಂತಿ ಸಿಗುತ್ತಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಒಂದೇ ಓಟದಲ್ಲಿ ಸಾಗರದ ಮಂಡಿ ಮುಟ್ಟುತ್ತಾರೆ. ಒಳ್ಳೆಯದೇ, ಆದರೆ ಮುಟ್ಟಿದ ಮೇಲೆ ಆ ಎರಡು ನಿಮಿಷ ಕೊಡಿ.

ಕಳೆ ಕೊಚ್ಚುವ ಯಂತ್ರದ ಬಗ್ಗೆ ಕೇಳಿದವರಿಗೆ: ಎರಡು ಹೊಡೆತದ ಯಂತ್ರಗಳಲ್ಲಿ ಎಣ್ಣೆ ಪಂಪು ಸಾಮಾನ್ಯವಾಗಿ ಇರುವುದಿಲ್ಲ, ಬೆರೆಸುವ ನಮ್ಮ ಕೈಯೇ ಪಂಪು. ಐವತ್ತಕ್ಕೆ ಒಂದು ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್, ಇಪ್ಪತ್ತೈದಕ್ಕೆ ಒಂದು ಎಂದಿದ್ದರೆ 40. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಇರುವುದರಿಂದ ನಮ್ಮ ಮಳೆಗಾಲದ ತೇವದಲ್ಲಿ ಬೆರಕೆಯನ್ನು ತಿಂಗಳುಗಟ್ಟಲೆ ಇಡಬೇಡಿ. ಆಯಾ ವಾರಕ್ಕೆ ಬೇಕಾದಷ್ಟೇ ಬೆರೆಸಿ.

ಸಂಘದ ನಷ್ಟದ ಲೆಕ್ಕ ಪಟ್ಟಿಯಲ್ಲಿದೆ: ಮೊದಲೇ ಬೇರಿಂಗು ಬದಲಾಯಿಸಿದ್ದರೆ ಆಗುತ್ತಿದ್ದ ಖರ್ಚಿನ ಮೂರು ಪಟ್ಟು. ಪಟ್ಟಿಯಲ್ಲಿಲ್ಲದ್ದೂ ಇದೆ. ವಾಹನ ನಿಂತ ಹದಿನೇಳು ದಿನ ಎರಡನೆಯ ಸಿಂಪಡಣೆಯ ಸುಣ್ಣ, ಮೈಲುತುತ್ತ ತಲುಪದೆ ಘಾಟಿ ಬದಿಯ ಕೆಲವು ಸಣ್ಣ ತೋಟಗಳಲ್ಲಿ ಕೊಳೆ ಬಿತ್ತು. ಮೈಸೂರು ಸಂಸ್ಥಾನದ ಕಾಲದಲ್ಲಿ, 1910ರ ಸುಮಾರಿಗೆ, ಲೆಸ್ಲಿ ಕೋಲ್ಮನ್ ಅವರು ಕೊಳೆರೋಗ ಕುರಿತು ಬರೆದು ಬೋರ್ಡೋ ಸಿಂಪಡಣೆಯನ್ನು ನಮ್ಮ ಹಿರಿಯರಿಗೆ ಕಲಿಸಿದ್ದು. ನೂರಕ್ಕೂ ಮಿಕ್ಕಿ ವರ್ಷಗಳಾದರೂ ಆ ಔಷಧಿ ಹೊತ್ತಿಗೆ ಸರಿಯಾಗಿ ಮರ ಮುಟ್ಟಿದರೆ ಮಾತ್ರ ಫಲ. ಒಂದೆಕರೆಯ ತೋಟದ ಸದಸ್ಯರೊಬ್ಬರು ಉದುರಿದ ಹಸಿ ಅಡಿಕೆಯನ್ನು ಬುಟ್ಟಿಯಲ್ಲಿ ತಂದು ಕಚೇರಿಯ ಜಗಲಿಯ ಮೇಲೆ ಸುರಿದು, ಏನೂ ಮಾತಾಡದೆ ಹೋದರು.

ಚಾಲಕರ ತಡೆಹಿಡಿದ ಸಂಬಳವನ್ನು ಮಂಡಳಿಯ ನಿರ್ಣಯದಂತೆ ಹಿಂದಿರುಗಿಸಿದ್ದೇವೆ. ತಪ್ಪು ನಮ್ಮದೆಂದು ಬರೆದುಕೊಟ್ಟಿದ್ದೇವೆ. ಹಣ ತೆಗೆದುಕೊಂಡರು. ಕೆಲಸಕ್ಕೆ ಮರಳಿ ಕರೆದೆವು, ಬರಲಿಲ್ಲ. ಈಗ ಕುಂದಾಪುರದ ಕಡೆ ಬೇರೆಯವರ ಲಾರಿ ಓಡಿಸುತ್ತಿದ್ದಾರೆ.

ಎಣ್ಣೆ ಒತ್ತಡದ ಗೇಜು, ಬೇರೆ ಬೇರೆ ತಿರುಪಿನ ಜೋಡಣೆಗಳು ಮತ್ತು ಒಂದು ಜೊತೆ ಫೀಲರ್ ಗೇಜನ್ನು ಸಂಘದಿಂದ ಖರೀದಿಸಿ ಕಚೇರಿಯಲ್ಲಿ ಇಡಲಾಗಿದೆ. ಬೇಕಾದ ಸದಸ್ಯರು ಪುಸ್ತಕದಲ್ಲಿ ರುಜು ಮಾಡಿ ಎರಡು ದಿನದ ಮಟ್ಟಿಗೆ ಒಯ್ಯಬಹುದು, ಬಾಡಿಗೆಯಿಲ್ಲ. ಅಳತೆ ತೆಗೆದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಗೇಜಿನೊಡನೆ ಹಿಂದಿರುಗಿಸಬೇಕಾಗಿ ವಿನಂತಿ. ಹಳೆಯ ಮೂಲ ಪಂಪನ್ನು ಮತ್ತೆ ವಾಹನಕ್ಕೇ ಹಾಕಿಸಿದ್ದು, ಅಗ್ಗದ ಪಂಪು ಬಿಚ್ಚಿದ ಸ್ಥಿತಿಯಲ್ಲಿ ಕಚೇರಿಯ ಮೇಜಿನ ಮೇಲಿದೆ. ನೋಡಬಯಸುವವರು ಮಂಗಳವಾರ ಸಂತೆಗೆ ಬಂದಾಗ ನೋಡಬಹುದು.

— ಕಾರ್ಯದರ್ಶಿ